ಕೆರೆದ ಅಚ್ಚು

ಆ ಬೀದಿಯಲ್ಲಿ ಅರವತ್ತು ದಾಟಿದವರೆಲ್ಲ ಒಂದೇ ಥರ ನಗುತ್ತಿದ್ದರು. ರಕ್ತಸಂಬಂಧವೇನೂ ಇರಲಿಲ್ಲ, ಎಲ್ಲರಿಗೂ ಹಲ್ಲು ಕಟ್ಟಿದ ಕೈ ಒಂದೇ. ಮುಂದಿನ ಎರಡು ಹಲ್ಲು ಚೂರು ಅಗಲ, ಪಕ್ಕದವು ಚೂರು ಒಳಕ್ಕೆ. ಬೇಕರಿಯವನೂ ಅದೇ ನಗು ನಗುತ್ತಿದ್ದ, ಅವನೊಂದಿಗೆ ಮಾತು ಬಿಟ್ಟಿದ್ದ ಪಕ್ಕದ ಮನೆಯ ನಿವೃತ್ತ ಗುಮಾಸ್ತನೂ ಅದೇ ನಗು ನಗುತ್ತಿದ್ದ. ಕಟ್ಟಿದವರನ್ನು ಬೀದಿಯ ಮಕ್ಕಳು ಹಲ್ಲಜ್ಜ ಎಂದು ಕರೆದರು. ಆಮೇಲೆ ದೊಡ್ಡವರ ಬಾಯಿಗೂ ಅದೇ ಬಂತು.

ಹಲ್ಲಜ್ಜ ಡಾಕ್ಟರಲ್ಲ. ಅಪ್ಪನಿಂದ ಕಲಿತ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಯಾವುದೋ ಮುಚ್ಚಿಹೋದ ಕ್ಷೌರದಂಗಡಿಯಿಂದ ತಂದ ಕುರ್ಚಿ, ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಬೀದಿಯವರ ದವಡೆಗಳೆಲ್ಲ ಪ್ಲಾಸ್ಟರಿನ ಅಚ್ಚಾಗಿ ಸಾಲಾಗಿ ಕೂತಿದ್ದವು. ಬಾಯಿಯ ಅಳತೆ ತೆಗೆಯುವುದು ಅವರ ಕೆಲಸ, ಅಚ್ಚು ಎರೆದು ಉಜ್ಜಿ ನಯಮಾಡುವುದು ಮಗನ ಕೆಲಸ. ಅಡುಗೆಮನೆ ಸೊಸೆಯದು. ಕಾಲೇಜಿಗೆ ಹೋಗುವ ಮೊಮ್ಮಗಳಿಗೆ ಗೊತ್ತುಮಾಡಿದ ಕೆಲಸ ಯಾವುದೂ ಇರಲಿಲ್ಲ, ಬಾಯೊಂದು ಮಾತ್ರ ಚೆನ್ನಾಗಿತ್ತು.

ಆರೋಗ್ಯ ಇಲಾಖೆಯವನು ಬಂದು ಮುಂಬಾಗಿಲಿಗೆ ಕಾಗದ ಅಂಟಿಸಿದ್ದು ಒಂದು ಮಧ್ಯಾಹ್ನ. ಅಂಟಿಸುವಾಗ ಅವನಿಗೇ ನಾಚಿಕೆಯಾಗಿ, “ಬೇಜಾರು ಮಾಡ್ಕೋಬೇಡಿ, ನಮ್ಮಮ್ಮನಿಗೆ ನೀವೇ ಕಟ್ಟಿದ್ದು,” ಎಂದು ಹೇಳಿ ಹೋದ.

“ಓದು,” ಎಂದರು ಹಲ್ಲಜ್ಜ, ತಟ್ಟೆಯಿಂದ ತಲೆ ಎತ್ತದೆ.

ಮೊಮ್ಮಗಳು ಬಾಗಿಲಲ್ಲಿ ನಿಂತು ಓದಿದಳು. ಹೊಸ ಕಾನೂನು ಬಂದಿದೆ. ನೋಂದಾಯಿತ ವೈದ್ಯರಲ್ಲದವರು ಯಾರ ಬಾಯಿಗೂ ಕೈ ಹಾಕುವಂತಿಲ್ಲ. ವೈದ್ಯರು ಪರೀಕ್ಷೆ ಮಾಡಿದ ಮೇಲೆಯೇ ಹಲ್ಲು ಕಟ್ಟಬೇಕು. ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಗಂಟು ಕಂಡರೆ ಕೂಡಲೇ ಆಸ್ಪತ್ರೆಗೆ ಕಳಿಸಬೇಕು. ತಕರಾರಿದ್ದವರು ಇಲಾಖೆ ಕರೆಯುವ ಅಹವಾಲು ಸಭೆಗೆ ಬಂದು ಹೇಳಿಕೊಳ್ಳಬಹುದು.

“ಇಷ್ಟು ವರ್ಷ ಜನರ ಬಾಯೊಳಗೆ ಕೈ ಹಾಕಿದೀನಿ. ಒಬ್ಬರಾದ್ರೂ ಕಚ್ಚಿದಾರಾ?”

“ಕಚ್ಚೋಕೆ ಅವರಿಗೆ ಹಲ್ಲೆಲ್ಲಿತ್ತು ಅಜ್ಜ?”

ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಮಗ ನಗಲಿಲ್ಲ. “ನಿನಗೆ ತಮಾಷೆ. ನಾಳೆಯಿಂದ ತಟ್ಟೆಗೆ ಏನು ಬೀಳುತ್ತೆ ಅಂತ ಯೋಚನೆ ಮಾಡು,” ಎಂದ.

“ಡಾಕ್ಟರ ಹತ್ರ ನೋಡಿಸ್ಕೊಂಡು ಬನ್ನಿ ಅಂತ ಹೇಳಿದ್ರಾಯ್ತಪ್ಪ. ಅಷ್ಟೇ ತಾನೆ ಕೇಳ್ತಿರೋದು?”

“ಡಾಕ್ಟರ ಹತ್ರ ಹೋದವರು ಅಲ್ಲೇ ಕಟ್ಟಿಸ್ಕೋತಾರೆ. ಇಲ್ಲಿಗ್ಯಾಕೆ ಬರ್ತಾರೆ?”

ಹಲ್ಲಜ್ಜ ಅನ್ನಕ್ಕೆ ಸಾರು ಕಲಸುತ್ತ, “ಸಭೆ ಆಗ್ಲಿ. ಬೀದಿ ನಮ್ಮ ಕಡೆ ಇದೆ,” ಎಂದರು.

ಬೀದಿ ಅವರ ಕಡೆಯೇ ಇತ್ತು. ಮುಂಬಾಗಿಲು ಮುಚ್ಚಿದ ಮೂರನೆಯ ದಿನಕ್ಕೇ ಹಿಂದಿನ ಓಣಿಯಿಂದ ಅಡುಗೆಮನೆಯ ಬಾಗಿಲಿಗೆ ಜನ ಬರತೊಡಗಿದರು. ಸುಮ್ಮನೆ ಬಂದರೆ ಅನುಮಾನ, ಅದಕ್ಕೆ ಕೈಯಲ್ಲೊಂದು ಬಟ್ಟಲು. ಸಕ್ಕರೆ ಕೇಳಲು ಬಂದವರ ಹಾಗೆ. ಜೀವಮಾನದಲ್ಲಿ ಹೆಂಡತಿಗೆ ಒಂದು ಲೋಟ ನೀರು ಕೊಡದ ನಿವೃತ್ತ ಗುಮಾಸ್ತ ಬಟ್ಟಲು ಹಿಡಿದು ಗಂಭೀರವಾಗಿ ಬಂದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಾಯಿ ತೆರೆಯುತ್ತಿದ್ದ. ಹೋಗುವಾಗ ಬಟ್ಟಲಲ್ಲಿ ಹಲ್ಲುಸೆಟ್ಟು, ಮೇಲೊಂದು ತಟ್ಟೆ ಮುಚ್ಚಳ. ಅಳತೆ ಕೊಡಲಷ್ಟೇ ಬಂದವರ ಬಟ್ಟಲು ಖಾಲಿ ಹೋಗಬಾರದೆಂದು ಮಗನ ಬುದ್ಧಿವಂತಿಕೆ. ಅದಕ್ಕೆ ಸೊಸೆ ನಿಜವಾಗಿಯೂ ಸಕ್ಕರೆ ಹಾಕಬೇಕಿತ್ತು.

“ತಿಂಗಳಿಗೆ ತಂದ ಸಕ್ಕರೆ ವಾರಕ್ಕೆ ಮುಗೀತು. ಹಲ್ಲಿಲ್ಲದವರಿಗೆಲ್ಲ ಸಿಹಿ ಹಂಚೋಕೆ ನಾನೇನು ಮಿಠಾಯಿ ಅಂಗಡಿ ಇಟ್ಟಿದೀನಾ?” ಎಂದು ಅವಳು ಗೊಣಗಿದಳು. ಹಿಟ್ಟಿನ ಡಬ್ಬದ ಮೇಲೆ ಪ್ಲಾಸ್ಟರಿನ ಧೂಳು, ಊಟದ ಮೇಜಿನ ಮೇಲೆ ಯಾರದೋ ಮೇಲ್ದವಡೆ. ಮೂರು ಸಲ ಗಂಡನಿಗೆ ಹೇಳಿದಳು, ನಾಲ್ಕನೆಯ ಸಲ ಆ ಮೇಲ್ದವಡೆಯನ್ನು ಎತ್ತಿ ಅವನ ತಟ್ಟೆಯ ಪಕ್ಕದಲ್ಲೇ ಇಟ್ಟು ಬಡಿಸಿದಳು. ಆದರೂ ಹಲ್ಲಜ್ಜ ಅಳತೆ ತೆಗೆಯುವಾಗ ಟಾರ್ಚು ಹಿಡಿದು ಬೆಳಕು ಬಿಡುವವಳು ಅವಳೇ.

ಎದುರುಮನೆಯ ಗುಂಡಿಯಮ್ಮ ಬಟ್ಟಲು ಹಿಡಿದು ಬಂದದ್ದು ಆ ದಿನಗಳಲ್ಲೇ. ಅವಳದು ಗುಂಡಿ, ದಾರ, ಜಿಪ್ಪು ಮಾರುವ ಪುಟ್ಟ ಅಂಗಡಿ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸೊಸೆ ಒಮ್ಮೆ ಕಾಮಾಲೆಯಾಗಿ ಆಸ್ಪತ್ರೆ ಸೇರಿದಾಗ ಪುಟ್ಟ ಮೊಮ್ಮಗಳನ್ನು ಗುಂಡಿಯ ಪೆಟ್ಟಿಗೆಗಳ ನಡುವೆ ಕೂರಿಸಿಕೊಂಡು ಸಾಕಿದವಳು ಅವಳೇ. ಕತ್ತರಿ ಕೈಗೆ ಸಿಗುವ ಮುಂಚೆ ದಾರವನ್ನು ಹಲ್ಲಿನಲ್ಲೇ ಕತ್ತರಿಸುವ ಅಭ್ಯಾಸ. ಅದಕ್ಕೇ ಹಳೆಯ ಸೆಟ್ಟು ಸವೆದುಹೋಗಿತ್ತು.

ಅಳತೆ ತೆಗೆದದ್ದಾಯಿತು. ಮಗ ಅಚ್ಚು ಎರೆದ. ಬಿಡಿಸಿ ನೋಡಿದರೆ ಕೆಳದವಡೆಯ ಒಳಬದಿಯಲ್ಲಿ ಬಟಾಣಿ ಕಾಳಿನಷ್ಟು ಉಬ್ಬು. ಅಳತೆ ತೆಗೆಯುವ ಲೇಪದಲ್ಲಿ ಗಾಳಿ ಸಿಕ್ಕಿಕೊಂಡರೆ ಪ್ಲಾಸ್ಟರಿನ ಮೇಲೆ ಹೀಗೆ ಉಬ್ಬು ಮೂಡುವುದುಂಟು. ದಿನಾ ಮಾಡುವ ಹಾಗೆ ಅವನು ಚಾಕು ತೆಗೆದು ಕೆರೆದ, ಊದಿದ, ಸೆಟ್ಟು ಕಟ್ಟಿದ.

ಒಂದು ವಾರ ಕಳೆಯುವಷ್ಟರಲ್ಲಿ ಗುಂಡಿಯಮ್ಮ ತಿರುಗಿ ಬಂದಳು. “ಅಣ್ಣಾ, ಒಳಗಡೆ ಒತ್ತುತ್ತೆ.”

ಹಲ್ಲಜ್ಜ ಅಂಚು ಉಜ್ಜಿ ಕೊಟ್ಟರು. ಮತ್ತೆ ಬಂದಳು, ಮತ್ತೆ ಉಜ್ಜಿದರು. ಮೂರನೆಯ ಸಲ ಅವಳೇ ಸಂಕೋಚಪಟ್ಟುಕೊಂಡು, “ನನ್ನ ಬಾಯೇ ಸರಿಯಿಲ್ಲವೇನೋ. ನಿಮ್ಮ ಕೈ ತಪ್ಪಿದ್ದು ನಾನಂತೂ ಕಂಡಿಲ್ಲ,” ಎಂದಳು. ಹಲ್ಲಜ್ಜನಿಗೆ ಆ ಮಾತು ಚುಚ್ಚಿತು. ಹೊಸದಾಗಿ ಕಟ್ಟಿಕೊಡುತ್ತೇನೆಂದು ಇನ್ನೊಮ್ಮೆ ಅಳತೆ ತೆಗೆದರು.

ಸಂಜೆ ಮಗ ಅಚ್ಚನ್ನು ಬಿಡಿಸಿದವನು ಅದನ್ನು ಹಿಡಿದುಕೊಂಡು ಹಾಗೇ ನಿಂತ.

“ಅಪ್ಪಾ, ಹೋದ ಸಲವೂ ಇಲ್ಲೇ ಕೆರೆದಿದ್ದೆ.”

ಅದೇ ಜಾಗ, ಅದೇ ಉಬ್ಬು, ಮೊದಲಿನದಕ್ಕಿಂತ ದೊಡ್ಡದು. ಗಾಳಿ ಎರಡು ಸಲವೂ ಒಂದೇ ಕಡೆ ಸಿಕ್ಕಿಕೊಳ್ಳುವುದಿಲ್ಲ. ಇಷ್ಟು ಕಾಲ ಪ್ಲಾಸ್ಟರಿನಲ್ಲೇ ಕೈ ಇಟ್ಟುಕೊಂಡು ಬದುಕಿದ ಅಪ್ಪ ಮಗ ಇಬ್ಬರಿಗೂ ಅದು ಚೆನ್ನಾಗಿ ಗೊತ್ತಿತ್ತು.

“ಗಾಳಿಗುಳ್ಳೆ,” ಎಂದರು ಹಲ್ಲಜ್ಜ.

“ಅದೇ ಜಾಗದಲ್ಲಾ?”

“ಗಾಳಿಗುಳ್ಳೆ ಅಂದೆನಲ್ಲ. ಕೆರಿ.”

ಒಲೆಯ ಮುಂದಿದ್ದ ಸೊಸೆ ತಿರುಗಿದಳು. “ಮಾವ, ನಾನು ಬೆಳಕು ಹಿಡಿದಾಗ ನೋಡಿದೆ. ಬೆಳ್ಳಗೆ ಗಂಟು ಥರ ಇದೆ, ಸುತ್ತ ಕೆಂಪಗೆ. ಗಾಳಿಗೆ ಬಣ್ಣ ಇರುತ್ತಾ?”

“ಉಪ್ಪುನೀರು ಮುಕ್ಕಳಿಸೋಕೆ ಹೇಳಿದೀನಿ.”

“ಆಸ್ಪತ್ರೆಗೆ ಒಂದ್ಸಲ ತೋರಿಸೋಣ.”

“ಆಸ್ಪತ್ರೇಲಿ ಮೊದಲು ಕೇಳೋದೇ ಹಲ್ಲು ಯಾರು ಕಟ್ಟಿದ್ದು ಅಂತ,” ಎಂದ ಮಗ. “ಸಭೆಗೆ ಇನ್ನು ಹತ್ತೇ ದಿನ. ಈಗ ಸಿಕ್ಕಿಬಿದ್ರೆ ಎಲ್ಲ ಮುಗೀತು. ಸಭೆ ಆಗ್ಲಿ, ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ.”

ಸೊಸೆ ಮಾವನ ಮುಖ ನೋಡಿದಳು. ಮಾವ ಕೈ ತೊಳೆಯಲು ಎದ್ದುಹೋದರು. ಹಾಲು ಉಕ್ಕಿ ಬಂತು, ಅವಳು ಆ ಕಡೆ ತಿರುಗಿದಳು. ಹಿಂದೆ ಚಾಕು ಕರಕರ ಎನ್ನುವುದು ಕೇಳಿಸುತ್ತಿತ್ತು. ಹಾಲು ಇಳಿಸಿ ಒಲೆ ಒರೆಸಿದ ಮೇಲೂ ಅವಳು ಈ ಕಡೆ ತಿರುಗಲಿಲ್ಲ. ತಿರುಗಿದ್ದರೆ ಇನ್ನೊಂದು ಮಾತು ಆಡಬೇಕಾಗುತ್ತಿತ್ತು.

ಆ ಹತ್ತು ದಿನ ಸಹಿ ಹಾಕಿಸಲು ಮನೆ ಮನೆ ತಿರುಗಿದವಳು ಬೇರೆ ಯಾರೂ ಅಲ್ಲ, ಗುಂಡಿಯಮ್ಮ. ಅಂಗಡಿ ಮುಚ್ಚಿಕೊಂಡು ತಿರುಗಿದಳು. “ಹಲ್ಲಜ್ಜ ಇಲ್ಲದಿದ್ರೆ ನಾವೆಲ್ಲ ಗಂಜಿ ಕುಡ್ಕೊಂಡು ಬಿದ್ದಿರ್ಬೇಕಿತ್ತು,” ಎಂದು ಎಲ್ಲರಿಗೂ ಹೇಳುತ್ತಿದ್ದಳು. ಆಗ ಅವಳೇ ಮನೆಯಲ್ಲಿ ಗಂಜಿ ಕುಡಿಯುತ್ತಿದ್ದಳು. ಹೊಸ ಸೆಟ್ಟೂ ಒತ್ತುತ್ತಿತ್ತು. ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ಸಭೆಗೆ ಮುಂಚೆ ಹೇಳಿದರೆ ಅಣ್ಣನಿಗೆ ಕೆಟ್ಟ ಹೆಸರು ಬರುತ್ತದೆಂದು ಅವಳ ಭಯ.

ಸಭೆಯ ದಿನ ಇಡೀ ಬೀದಿ ಬಂದು ಸಭಾಂಗಣದಲ್ಲಿ ಕೂತಿತು. ಮೇಜಿನ ಆಚೆ ಕೂತಿದ್ದ ಇಲಾಖೆಯ ಮೇಡಂ ತಲೆ ಎತ್ತಿ ನೋಡಿ, ಸಾಲು ಸಾಲು ಒಂದೇ ನಗು ಕಂಡು ಒಂದು ಕ್ಷಣ ಕಣ್ಣು ಉಜ್ಜಿಕೊಂಡರು. ನಿವೃತ್ತ ಗುಮಾಸ್ತ ಬರೆದುಕೊಂಡು ಬಂದದ್ದನ್ನು ಓದಿದ, ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗುಂಡಿಯಮ್ಮ ಎದ್ದಳು.

“ಮೇಡಂ, ನನಗೆ ಓದು ಬರಲ್ಲ. ಇದನ್ನ ನೋಡಿ,” ಎಂದು ಬ್ಲೌಸಿನಿಂದ ದಾರದ ಉಂಡೆ ತೆಗೆದಳು. ಒಂದು ಮೊಳ ಎಳೆದು, ಹಲ್ಲಿಗೆ ಕೊಟ್ಟು, ಪಟ್ಟೆಂದು ಕತ್ತರಿಸಿ ಎತ್ತಿ ತೋರಿಸಿದಳು. ಕಣ್ಣಿಂದ ಬಳಬಳ ನೀರು ಸುರಿಯಿತು. “ಇಂಥ ಹಲ್ಲು ಕಟ್ಟೋ ಕೈ ಕಟ್ಟಿಹಾಕ್ಬೇಡಿ,” ಎಂದು ಕೂತಳು.

ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಅಭಿಮಾನಕ್ಕೆ ಅತ್ತಳೆಂದು ಪಕ್ಕದವರೂ ಕಣ್ಣೊರೆಸಿಕೊಂಡರು. ನೋವಿಗೆ ಅತ್ತಳೆಂದು ಮೂರು ಜನಕ್ಕೆ ಗೊತ್ತಿತ್ತು, ಆ ಮೂವರೂ ಮೊದಲ ಸಾಲಿನಲ್ಲಿ ಕೂತು ನೆಲ ನೋಡುತ್ತಿದ್ದರು. ಮೊಮ್ಮಗಳು ಮಾತ್ರ ಜೋರಾಗಿ ಚಪ್ಪಾಳೆ ತಟ್ಟುತ್ತ, “ಅಮ್ಮ, ನೀನ್ಯಾಕೆ ತಟ್ಟುತ್ತಿಲ್ಲ?” ಎಂದಳು.

ಮೇಡಂ ಅಲ್ಲೇ ಹೇಳಿದರು: ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಸುಬು ಮಾಡಿದವರಿಗೆ ಸದ್ಯಕ್ಕೆ ವಿನಾಯಿತಿ. ಹುಣ್ಣು, ಗಂಟು ಕಂಡರೆ ಆಸ್ಪತ್ರೆಗೆ ಕಳಿಸುವ ಷರತ್ತು ಮಾತ್ರ ಹಾಗೇ ಇರುತ್ತದೆ. ಅದನ್ನು ಕೇಳಿಸಿಕೊಳ್ಳುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ.

ಸಂಜೆ ಮುಂಬಾಗಿಲು ತೆರೆಯಿತು. ಬೇಕರಿಯವನು ಎಲ್ಲರಿಗೂ ಬನ್ನು ಹಂಚಿದ. ಗುಂಡಿಯಮ್ಮ ಮೂಲೆಯಲ್ಲಿ ಕೂತು ಬನ್ನನ್ನು ಚಹಾದಲ್ಲಿ ಅದ್ದಿ ಅದ್ದಿ, ಬಾಯಿಯ ಒಂದೇ ಕಡೆಗೆ ತಳ್ಳಿಕೊಂಡು ನುಂಗುವುದನ್ನು ಸೊಸೆ ನೋಡಿದಳು.

ಜನ ಹೋದ ಮೇಲೆ ಊಟಕ್ಕೆ ಕೂತಾಗ ಕೇಳಿದಳು. “ಸಭೆ ಆಯ್ತಲ್ಲ. ನಾಳೆ ಕರ್ಕೊಂಡು ಹೋಗ್ತೀರಾ?”

“ಒಂದು ವಾರ ತಡಿ,” ಎಂದ ಮಗ. “ಇವತ್ತು ಸಭೇಲಿ ಮಾತಾಡಿದವಳು ನಾಳೆ ಆಸ್ಪತ್ರೇಲಿ ಕಾಣಿಸ್ಕೊಂಡ್ರೆ ಜನ ಏನಂತಾರೆ?”

“ಒಂದು ವಾರ, ಆಮೇಲೆ ಇನ್ನೊಂದು ವಾರ. ಅವರ ಬಾಯಿ ಕೊಳೀಲಿ, ನಮ್ಮ ಬೋರ್ಡು ಹೊಳೀಲಿ, ಅಲ್ವಾ?”

“ನೀನೂ ಬೆಳಕು ಹಿಡಿದವಳೇ. ಈಗ ನನ್ನೊಬ್ಬನ ಮೇಲೆ ಹಾಕ್ಬೇಡ.”

“ಹೌದು, ಹಿಡಿದೆ. ಅದಕ್ಕೇ ನನಗೆ ಅನ್ನ ಇಳೀತಿಲ್ಲ.”

“ಏನು ವಿಷಯ?” ಎಂದಳು ಮೊಮ್ಮಗಳು. ಅವಳು ಅಪ್ಪನನ್ನು ನೋಡಿದಳು, ಅಜ್ಜನನ್ನು ನೋಡಿದಳು. “ಗುಂಡಿಯಜ್ಜಿಗೆ ಏನಾಗಿದೆ?”

ಸೊಸೆಯೇ ಹೇಳಿದಳು, ಅಚ್ಚು, ಉಬ್ಬು, ಚಾಕು, ಎಲ್ಲವನ್ನೂ. ಮೊಮ್ಮಗಳು ತಟ್ಟೆ ಸರಿಸಿ ಎದ್ದಳು. ಅವಳ ಬಾಯಿಂದ ಒಂದು ಕುಹಕವೂ ಬರಲಿಲ್ಲ. ಅದು ಹಲ್ಲಜ್ಜನಿಗೆ ಬೈದದ್ದಕ್ಕಿಂತ ಹೆಚ್ಚಾಯಿತು.

ಮಾರನೆಯ ಬೆಳಿಗ್ಗೆ ಸೊಸೆ ಯಾರನ್ನೂ ಕೇಳದೆ ಗುಂಡಿಯಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಧ್ಯಾಹ್ನ ತಿರುಗಿ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

“ಏನಂದ್ರು?” ಎಂದ ಮಗ.

“ಎಷ್ಟು ದಿನದಿಂದ ಅಂತ ಡಾಕ್ಟರು ಕೇಳಿದ್ರು. ಮೊನ್ನೆಯಿಂದ ಅಂದ್ರು.”

“ಯಾರು?”

“ಇನ್ಯಾರು, ಗುಂಡಿಯಮ್ಮ. ಹಲ್ಲು ಯಾರು ಕಟ್ಟಿದ್ದು ಅಂದ್ರೆ, ತೀರಿಕೊಂಡ ತಂಗೀದು, ಸುಮ್ನೆ ಹಾಕ್ಕೊಂಡು ನೋಡಿದೆ ಅಂದ್ರು. ಡಾಕ್ಟರು ಅವರನ್ನ ಬೈದ್ರು. ಸತ್ತವರ ಹಲ್ಲು ಹಾಕ್ಕೋತೀರಾ, ನಾಚಿಕೆ ಆಗಲ್ವಾ ಅಂತ. ಎಲ್ಲರ ಮುಂದೆ. ಅವರು ತಲೆ ತಗ್ಗಿಸ್ಕೊಂಡು ಬೈಸ್ಕೊಂಡ್ರು.” ಸೊಸೆ ಆಗ ಬಗ್ಗಿ ಚಪ್ಪಲಿ ಬಿಚ್ಚಿದಳು. “ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.”

“ಕೊನೆಗೆ ಏನು ಹೇಳಿದ್ರು ಅದನ್ನ ಹೇಳು.”

“ಬೇರೆಯವರ ಸೆಟ್ಟು ಉಜ್ಜಿ ಆಗಿರೋ ಗಾಯ ಇರಬಹುದು, ಎರಡು ವಾರ ಹಲ್ಲು ಹಾಕ್ಬೇಡಿ, ಆಗಲೂ ಮಾಯದಿದ್ರೆ ಬನ್ನಿ, ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಅಂದ್ರು.”

ಮಗ ನಿಟ್ಟುಸಿರು ಬಿಟ್ಟ. “ನೋಡಿದ್ಯಾ? ಡಾಕ್ಟರೇ ಹೇಳಿದಾರೆ.”

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು, “ಅಪ್ಪ, ಎಷ್ಟು ದಿನ ಆಯ್ತು ಅಂತ ಡಾಕ್ಟರಿಗೆ ಗೊತ್ತಿಲ್ಲ. ನಿಮಗೆ ಗೊತ್ತು,” ಎಂದಳು.

“ಅವರೇ ಸುಳ್ಳು ಹೇಳಿದ್ರೆ ನಾನೇನು ಮಾಡ್ಲಿ?”

“ಯಾರಿಗೋಸ್ಕರ ಹೇಳಿದ್ರು?”

ಹಲ್ಲಜ್ಜ ಊಟ ಮಾಡದೆ ತಟ್ಟೆ ಎತ್ತಿಕೊಂಡು ಹೋಗಿ ತಾವೇ ತೊಳೆದು ಇಟ್ಟರು; ಆ ಮನೆಯಲ್ಲಿ ಅದು ಹಿಂದೆಂದೂ ನಡೆದಿರಲಿಲ್ಲ. ಆಮೇಲೆ ಮುಂದಿನ ಕೋಣೆಗೆ ಹೋಗಿ ಹಲಗೆಯಿಂದ ಎರಡು ಅಚ್ಚು ಇಳಿಸಿದರು. ಹಿಂದೆಯೇ ಬಂದ ಮಗ, “ಅಪ್ಪಾ, ಬೇಡ. ನಿನ್ನೆ ತಾನೆ ಬಾಗಿಲು ತೆಗೆದಿದೀವಿ,” ಎಂದ. ಅವನ ದನಿ ಸಣ್ಣದಾಗಿತ್ತು.

“ಕೆರೆದದ್ದು ನೀನು. ಕೆರಿ ಅಂದದ್ದು ನಾನು,” ಎಂದರು ಹಲ್ಲಜ್ಜ. “ಒಂದು ಬಟ್ಟಲು ಕೊಡಮ್ಮ.”

ಸೊಸೆ ಬಟ್ಟಲು ಕೊಟ್ಟಳು. ಅಚ್ಚುಗಳನ್ನು ಅದರಲ್ಲಿಟ್ಟು, ತಟ್ಟೆ ಮುಚ್ಚಿ, ಅವರು ಬೀದಿ ದಾಟಿದರು.

ಗುಂಡಿಯಮ್ಮ ಹಲ್ಲಿಲ್ಲದ ಬಾಯಿಗೆ ಸೆರಗು ಮುಚ್ಚಿಕೊಂಡು ಎದ್ದು ನಿಂತಳು. “ಅಯ್ಯೋ ಅಣ್ಣ, ನೀವ್ಯಾಕೆ ಬರೋಕೆ ಹೋದ್ರಿ? ಹೆದರ್ಕೋಬೇಡಿ, ನಾನು ಏನೂ ಹೇಳಿಲ್ಲ. ಏನು, ಗಂಜೀನಾ?”

ತಟ್ಟೆ ತೆಗೆದಳು. ತನ್ನದೇ ದವಡೆಗಳು ಬೆಳ್ಳಗೆ ಎರಡು.

ಹಲ್ಲಜ್ಜ ಬೆರಳಿಟ್ಟು ತೋರಿಸಿದರು. ಇಲ್ಲಿ ಉಬ್ಬಿತ್ತು, ಕೆರೆದದ್ದು. ಇದರಲ್ಲೂ ಇಲ್ಲೇ ಇತ್ತು, ಇದನ್ನೂ ಕೆರೆದದ್ದು. ಅಂಗಡಿಯಲ್ಲಿ ಜಿಪ್ಪು ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಸುಮ್ಮನೆ ಹೊರಗೆ ಹೋದಳು.

ಗುಂಡಿಯಮ್ಮ ಬಹಳ ಹೊತ್ತು ಅಚ್ಚನ್ನು ಸವರಿ ನೋಡಿದಳು. “ನಿಮಗೆ ಗೊತ್ತಾಗಿದ್ದು ಯಾವಾಗ?”

“ಎರಡನೇ ಸಲ.”

“ಸಭೆಗೆ ಮುಂಚೇನಾ, ಆಮೇಲಾ?”

“ಮುಂಚೆ.”

ಅವಳು ತಟ್ಟೆ ಮುಚ್ಚಿದಳು. ಮೊಳೆಗೆ ಹಾಕಿದ್ದ ಚೀಲ ತೆಗೆದುಕೊಂಡಳು, ಅಂಗಡಿಯ ಬಾಗಿಲು ಎಳೆದಳು, ಬೀಗ ಹಾಕಿದಳು. “ನಡೀರಿ. ಡಾಕ್ಟರಿಗೆ ನೀವೇ ಹೇಳಿ,” ಎಂದವಳು ಮುಂದೆ ನಡೆದಳು. ಅಣ್ಣ ಎನ್ನಲಿಲ್ಲ.

ಹಲ್ಲಜ್ಜ ಬಟ್ಟಲು ಹಿಡಿದು ಹಿಂದೆ ನಡೆದರು. ಬೀದಿ ನಿನ್ನೆಯ ಗೆಲುವಿನ ಗುಂಗಿನಲ್ಲೇ ಇತ್ತು. ಬೇಕರಿಯವನು ಕೈಯೆತ್ತಿ ನಕ್ಕ. ಜಗಲಿಯಲ್ಲಿ ಕೂತಿದ್ದ ನಿವೃತ್ತ ಗುಮಾಸ್ತ, “ಏನು ಹಲ್ಲಜ್ಜ, ಈಗ್ಲೂ ಬಟ್ಟಲಾ? ಸಕ್ಕರೆಗೆ ಹೊರಟ್ರಾ?” ಎಂದು ಕೂಗಿ ಬಾಯಿ ತುಂಬ ನಕ್ಕ. ಮನೆ ಮನೆಯ ಬಾಗಿಲಲ್ಲೂ ಅದೇ ನಗು. ಮುಂದಿನ ಎರಡು ಹಲ್ಲು ಚೂರು ಅಗಲ, ಪಕ್ಕದವು ಚೂರು ಒಳಕ್ಕೆ. ತಾವೇ ಕಟ್ಟಿದ್ದ ಆ ನಗುಗಳನ್ನು ತಲೆ ಎತ್ತಿ ನೋಡಲು ಅವರಿಂದ ಆಗಲಿಲ್ಲ. ಬೀದಿ ಮುಗಿಯುವವರೆಗೂ ಬಟ್ಟಲನ್ನೇ ನೋಡುತ್ತ ನಡೆದರು.

ಡಾಕ್ಟರು ಎಳೆಯ ಹುಡುಗಿ, ಮೊಮ್ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಬೆಳಿಗ್ಗೆ ಬೈಸಿಕೊಂಡು ಹೋದ ಮುದುಕಿ ಮತ್ತೆ ಬಂದದ್ದು ನೋಡಿ ಹುಬ್ಬು ಗಂಟಿಕ್ಕಿದಳು. ಹಲ್ಲಜ್ಜ ಬಟ್ಟಲನ್ನು ಮೇಜಿನ ಮೇಲಿಟ್ಟರು. ಅವಳು ಅಚ್ಚುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದಳು. ಉಳಿದೆಲ್ಲ ಕಡೆ ಬಾಯೊಳಗಿನ ಸಣ್ಣ ಸಣ್ಣ ಗೆರೆಯೂ ಮೂಡಿತ್ತು. ಒಂದು ಕಡೆ ಮಾತ್ರ ಬೆರಳಿನ ಉಗುರಿನಷ್ಟು ಜಾಗ ಸಪಾಟಾಗಿ, ಚಾಕುವಿನ ಗೀರು ಬಿದ್ದಿತ್ತು.

“ಇವು ಯಾವಾಗ ತೆಗೆದದ್ದು?”

“ಮೊದಲನೇದಕ್ಕೆ ತಿಂಗಳು ದಾಟಿತು. ಇವರು ನಿಮಗೆ ಹೇಳಿದ್ದು ಸುಳ್ಳು. ತಂಗಿ ಹಲ್ಲಲ್ಲ, ನಾನೇ ಕಟ್ಟಿದ್ದು.”

ಅವಳು ಸಪಾಟಾದ ಜಾಗದ ಮೇಲೆ ಬೆರಳಿಟ್ಟಳು. “ಇಲ್ಲೇನಿತ್ತು?”

ಹಲ್ಲಜ್ಜ ಮೇಜಿನ ಅಂಚು ಹಿಡಿದುಕೊಂಡರು. ಅಷ್ಟು ಹೊತ್ತು ಗೋಡೆ ನೋಡುತ್ತಿದ್ದ ಗುಂಡಿಯಮ್ಮ ಆಗ ತಿರುಗಿ ಅವರ ಮುಖ ನೋಡಿದಳು. ಸೆರಗು ಬಾಯಿಂದ ಜಾರಿತ್ತು, ಅವಳು ಸರಿಮಾಡಿಕೊಳ್ಳಲಿಲ್ಲ.

“ಗಂಟಿತ್ತು,” ಎಂದರು ಹಲ್ಲಜ್ಜ. “ಗಂಟು ಅಂತ ಗೊತ್ತಿತ್ತು. ಗೊತ್ತಿದ್ದೂ ಕೆರೆಸಿದೆ.”